ಸಾರ್ವಜನಿಕ ಹುಂಡಿ ಆಟ: ಪುಣೆಯಲ್ಲಿ ನಾವು ಆಡಿಸುವ ಬಗೆ

ಎಲ್ಲರಿಗೂ ಸೇರಿದ ಹುಂಡಿಗೆ ಜನ ಎಷ್ಟು ಹಾಕುತ್ತಾರೆ, ಯಾರನ್ನು ದಂಡಿಸುತ್ತಾರೆ ಎಂದು ನೋಡುವ ಪ್ರಯೋಗವಿದು. ನಾಲ್ವರ ಗುಂಪು, ತಲಾ 20 ಟೋಕನ್. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹುಂಡಿಗೆ ಹಾಕಬೇಕು. ಹುಂಡಿಗೆ ಬಿದ್ದ ಒಂದೊಂದು ಟೋಕನ್ನಿಗೂ, ಹಾಕಿದವರಿಗೂ ಹಾಕದವರಿಗೂ, ತಲಾ 0.4 ಸಿಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ಒಬ್ಬೊಬ್ಬರಿಗೆ 32. ಒಬ್ಬ ಏನೂ ಹಾಕದಿದ್ದರೆ ಅವನಿಗೆ 44, ಮಿಕ್ಕವರಿಗೆ 24. ಹೀಗೆ 10 ಸುತ್ತು. ಆಮೇಲಿನ 10 ಸುತ್ತಿನಲ್ಲಿ ಕಡಿತ ಸೇರುತ್ತದೆ: ತನ್ನ 1 ಟೋಕನ್ ಖರ್ಚು ಮಾಡಿದರೆ ಎದುರಿನವರ 3 ಹೋಗುತ್ತದೆ. 44 ಗಳಿಸಿದವನ ಮೇಲೆ ಮೂವರೂ ನಾಲ್ಕು ನಾಲ್ಕು ಹಾಕಿದರೆ ಅವನಿಗೆ ಉಳಿಯುವುದು 8, ಇವರಿಗೆ 20.

ಸಂಶೋಧಕರಾದ ಹರ್ಮನ್, ಟೋನಿ, ಗೆಖ್ಟರ್ 2008ರಲ್ಲಿ ಪ್ರಕಟಿಸಿದ 16 ನಗರಗಳ ಪ್ರಯೋಗದ ಚೌಕಟ್ಟು ಇದೇ. ಬಾಸ್ಟನ್, ಮೆಲ್ಬರ್ನ್‌ಗಳಲ್ಲಿ ಕಡಿತ ಬಿದ್ದದ್ದು ಹೆಚ್ಚಾಗಿ ಜಿಪುಣರ ಮೇಲೆ. ಮಸ್ಕತ್, ಅಥೆನ್ಸ್‌ಗಳಲ್ಲಿ ಧಾರಾಳವಾಗಿ ಹಾಕಿದವರಿಗೂ ಜೋರಾಗಿಯೇ ಬಿತ್ತು. ಆ ಪಟ್ಟಿಯಲ್ಲಿ ಭಾರತದ ಊರಿಲ್ಲ.

ಪುಣೆಯ ಕನ್ನಡಿಗರಲ್ಲಿ ಆಡಿಸುವಾಗ ದೊಡ್ಡ ತಲೆನೋವೆಂದರೆ ಪರಿಚಯ. ಒಂದೇ ಕಡೆಯಿಂದ ಕರೆದರೆ ಬೀಗರು, ಒಂದೇ ಊರಿನವರು, ಮೇಸ್ತ್ರಿ ಮತ್ತು ಅವನ ಕೈಕೆಳಗಿನವರು ಎಲ್ಲ ಒಟ್ಟಿಗೆ ಬರುತ್ತಾರೆ. ಅಲ್ಲಿ ಕಾಣುವುದು ಹಳೆಯ ಲೆಕ್ಕಾಚಾರ, ಆಟವಲ್ಲ. ಹಾಗಾಗಿ ಹಡಪ್ಸರ್, ಪಿಂಪ್ರಿ, ಕೋಥ್ರೂಡ್‌ಗಳಿಂದ ಮನೆಗೊಬ್ಬರಂತೆ ಕರೆದು, ಚೀಟಿ ಎತ್ತಿ ಗುಂಪು ಮಾಡುತ್ತೇವೆ. ಮಧ್ಯೆ ರಟ್ಟಿನ ಅಡ್ಡ, ಹೆಸರಿನ ಬದಲು ಸಂಖ್ಯೆ. ಆ ಸಂಖ್ಯೆಯೂ ಪ್ರತಿ ಸುತ್ತಿಗೆ ಬದಲಾಗಬೇಕು, ಇಲ್ಲವಾದರೆ ಹೋದ ಸುತ್ತಿನಲ್ಲಿ ಕಡಿದವರನ್ನು ಹುಡುಕಿ ಹಿಡಿಯುತ್ತಾರೆ.

ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಅಕ್ಷರ ಬಾರದು. ಸೂಚನೆಯನ್ನು ಒಬ್ಬರೇ, ಎಲ್ಲ ತಂಡಕ್ಕೂ ಒಂದೇ ಹಾಳೆಯಿಂದ, ಗಟ್ಟಿಯಾಗಿ ಓದುವುದೇ ಲೇಸು. ನಡುವೆ ‘ಹಾಕಿದ್ರೆ ಒಳ್ಳೇದ್ರೀ’ ಎಂದು ಬಾಯಿತಪ್ಪಿ ಬಂದರೂ ಆ ದಿನದ ಆಟ ಕೆಟ್ಟಂತೆ.

ಆಟಕ್ಕೆ ಮುಂಚೆ ಲೆಕ್ಕದ ಪರೀಕ್ಷೆ ತಪ್ಪಿಸುವಂತಿಲ್ಲ. ‘ನೀವು 10 ಹಾಕಿದಿರಿ, ಉಳಿದ ಮೂವರು ಸೇರಿ 30. ಕೊನೆಗೆ ನಿಮಗೆಷ್ಟು?’ ಉತ್ತರ 26. ಹುಂಡಿಯಿಂದ ಬರುವ 16 ಮಾತ್ರ ಬರೆದು, ಕೈಯಲ್ಲೇ ಉಳಿದ 10 ಮರೆಯುವವರು ಇದ್ದೇ ಇರುತ್ತಾರೆ. ಅದು ತಿಳಿಯದೆ ಆಡಿದವರ ಗೊಂದಲ ಆಮೇಲೆ ಹಾಳೆಯಲ್ಲಿ ಔದಾರ್ಯವಾಗಿಯೋ ಮತ್ಸರವಾಗಿಯೋ ಕಾಣುತ್ತದೆ.

ತನ್ನಷ್ಟೇ ಅಥವಾ ತನಗಿಂತ ಹೆಚ್ಚು ಹಾಕಿದವರನ್ನು ಕಡಿದರೆ ಅದು ಸಮಾಜವಿರೋಧಿ ಕಡಿತ. 2 ಹಾಕಿದವರು 18 ಹಾಕಿದವರನ್ನು ಕಡಿದ ಕೂಡಲೇ ಹೊಟ್ಟೆಕಿಚ್ಚು ಎಂದು ಬರೆದುಬಿಡುವ ಆತುರ ನಮಗೆ ಹಿಡಿಸದು. ಹಿಂದಿನ ಸುತ್ತಿನಲ್ಲಿ ಅವರೇ ಕಡಿಸಿಕೊಂಡಿದ್ದರೆ? ಯಾರು ಕಡಿದರೆಂದು ಗೊತ್ತಿಲ್ಲದಿದ್ದರೂ, ಧಾರಾಳಿಗಳೇ ಇರಬೇಕೆಂದು ಊಹಿಸಿ ಕುರುಡು ಸೇಡು ತೀರಿಸಿಕೊಳ್ಳುತ್ತಾರೆ. ಕಡಿತದ ಮೊದಲ ಸುತ್ತಿಗೆ ಅಂಥ ಹಿನ್ನೆಲೆ ಇರುವುದಿಲ್ಲ; ಅದನ್ನು ಬೇರೆಯಾಗಿಯೇ ಎಣಿಸಿ. ಎಣಿಸುವಾಗ ಇನ್ನೊಂದು: ಹಾಲ್‌ನಲ್ಲಿ 24 ಜನ ಕೂತಿದ್ದರೂ ನಿಮ್ಮ ಬಳಿ ಇರುವುದು 6 ಸ್ವತಂತ್ರ ಗುಂಪು ಮಾತ್ರ. ಅಷ್ಟರಿಂದ ‘ಕನ್ನಡಿಗರು ಹೀಗೆ, ಮರಾಠಿಗರು ಹಾಗೆ’ ಎನ್ನಲು ಬರುವುದಿಲ್ಲ.