ಮೊದಲು ನಂಬರ್ ಕೊಡ್ತೀನಿ, ರಿಪೇರಿ ಆಮೇಲೆ

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಬದಲಿಸುವ ಪುಟ್ಟ ತಂತ್ರಾಂಶವೊಂದನ್ನು ರಾಯಚೂರಿನಲ್ಲಿ ಕೂತು ನಾಲ್ಕು ಜನ ಬಿಡುವಿನಲ್ಲಿ ನೋಡಿಕೊಳ್ಳುತ್ತೇವೆ. ಕೋಡ್ ಇರುವುದು ಗಿಟ್‌ಹಬ್‌ನಲ್ಲಿ, ಅಂದರೆ ಕೋಡ್ ಇಟ್ಟು ಹಲವರು ಸೇರಿ ತಿದ್ದುವ ಜಾಲತಾಣದಲ್ಲಿ. ದೂರು ಮಾತ್ರ ಬರುವುದು ವಾಟ್ಸಾಪ್‌ಗೆ, ಅದೂ ಡಿಟಿಪಿ ಅಂಗಡಿಯವರ ವಾಯ್ಸ್ ಮೆಸೇಜ್. ಅವರಿಗೆ ಅಕೌಂಟ್ ಮಾಡ್ಕೊಳ್ಳಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಹೆಸರು, ಫೋನ್ ನಂಬರ್ ಬಿಟ್ಟು ಅಲ್ಲಿ ಇಶ್ಯೂ (ನಂಬರ್ ಇರುವ ದೂರಿನ ದಾಖಲೆ) ನಾನೇ ಹಾಕುತ್ತೇನೆ.

ಸಿಂಧನೂರಿನಿಂದ ಒಬ್ಬರು ಹೇಳಿದರು: "ಸರ್ರಾ, ಸಾಮರ್ಥ್ಯ ಅಂತ ಇದ್ದದ್ದು ಕೆಟ್ಟು ಬರಾಕತ್ತದ ನೋಡ್ರಿ." ನನ್ನ ಉತ್ತರ: "ಸಿಕ್ತು ಅಣ್ಣ. ನಂಬರ್ 41. ಸಾಮರ್ಥ್ಯ ಹೋಗಿ ಸಾಮಥ್ರ್ಯ ಆಗಾಕತ್ತದ, ಹೌದಲ್ರಿ? ಮೂಲ ಫೈಲಿನ ಆ ಸಾಲು ಕಾಪಿ ಮಾಡಿ ಕಳಿಸ್ರಿ." ಫೋಟೋ ಸಾಲದು. ಪೇಸ್ಟ್ ಮಾಡಿದರೆ ಅರ್ಥವಾಗದ ವಿಚಿತ್ರ ಅಕ್ಷರ ಕಾಣುತ್ತವೆ, ನನಗೆ ಬೇಕಾದ್ದು ಅವೇ.

ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಮಾಡುವವರು 1994ರಿಂದಲೂ ಹೀಗೇ ಮಾಡುತ್ತಿದ್ದಾರೆ. ಬಗ್ (ತಂತ್ರಾಂಶದ ದೋಷ) ಮೇಲ್ ಮಾಡಿದರೆ ನಂಬರ್ ತಾನಾಗಿ ವಾಪಸ್ ಬರುತ್ತದೆ. ನಮ್ಮಲ್ಲಿ ಆ ಕೆಲಸ ಕೈಯಿಂದಲೇ. ನಂಬರ್ ಕೊಟ್ಟರೂ ಯಾವತ್ತು ಸರಿಹೋಗುತ್ತದೆ ಅಂತ ಮಾತು ಕೊಡುವುದಿಲ್ಲ. ಪುಕ್ಕಟೆ ಕೆಲಸದಲ್ಲಿ ತಾರೀಖು ಹೇಳಿದರೆ ಜಗಳಕ್ಕೆ ದಾರಿ.

41ರ ಕಾರಣ ಇಷ್ಟು. ನುಡಿಯ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ನಮ್ಮ ಕೋಡ್ ಅದನ್ನು ಒಂದೇ ವ್ಯಂಜನ ಹಿಂದಕ್ಕೆ ಸರಿಸುತ್ತಿತ್ತು. 'ವರ್ಷ' ಎಂಬ ಪದ ಸರಿಯಾಗಿ ಬರುತ್ತಿತ್ತು, 'ಸಾಮರ್ಥ್ಯ'ದಂತೆ ಒತ್ತಕ್ಷರ ಇದ್ದಲ್ಲಿ ಮಾತ್ರ ರಕಾರ ಥಕಾರ ದಾಟದೆ ಥ, ಯ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮಾನ್ವಿಯಿಂದ 'ಅರ್ಘ್ಯ' ಪದ ಕೆಟ್ಟಿದೆ ಅಂತ ಬಂತು. ಹೊಸ ನಂಬರ್ ಕೊಡಲಿಲ್ಲ, 41ಕ್ಕೇ ಸೇರಿಸಿ ಅವರಿಗೂ ಅದನ್ನೇ ಹೇಳಿದೆ. ಎರಡೂ ಪದ ಈಗ ನಮ್ಮ ಟೆಸ್ಟ್ ಫೈಲಿನಲ್ಲಿವೆ.

ತಿಂಗಳುಗಟ್ಟಲೆ ಯಾರೂ ಮುಟ್ಟದ ಇಶ್ಯೂಗಳನ್ನು ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಇಟ್ಟು ಮುಚ್ಚಿಸುವವರಿದ್ದಾರೆ. ನನಗಂತೂ ಅದು ಹಿಡಿಸಲ್ಲ. ಬಗ್ ಇನ್ನೂ ಅಲ್ಲೇ ಇರುತ್ತಲ್ವಾ?

ಇನ್ನೊಂದು ಕಿರಿಕಿರಿ. ಪುಲ್ ರಿಕ್ವೆಸ್ಟಿನಲ್ಲಿ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಅಂತ ಹಾಕುವ ಕೋರಿಕೆಯಲ್ಲಿ) 'ಫಿಕ್ಸಸ್' ಅಂತ ನಂಬರ್ ಜೊತೆ ಬರೆದರೆ, ಆ ತಿದ್ದುಪಡಿ ಮುಖ್ಯ ಬ್ರಾಂಚಿಗೆ, ಅಂದರೆ ಕೋಡಿನ ಮುಖ್ಯ ಪ್ರತಿಗೆ, ಮರ್ಜ್ ಆದ ಕೂಡಲೇ ಗಿಟ್‌ಹಬ್ ಇಶ್ಯೂ ಮುಚ್ಚಿಬಿಡುತ್ತದೆ. ಅಂಗಡಿಯವರ ಕಂಪ್ಯೂಟರಿನಲ್ಲಿ ಇರುವುದು ಹಳೇ ಆವೃತ್ತಿಯೇ. ಹಾಗಾಗಿ ಆ ಪದ ಬಳಸದೆ 'ಬಿಡುಗಡೆಗೆ ಕಾದಿದೆ' ಅಂತ ಲೇಬಲ್ ಹಚ್ಚುತ್ತೇನೆ. ಹೊಸ ಆವೃತ್ತಿ ಬಂದ ದಿನ ಹಳೇ ವಾಯ್ಸ್ ಮೆಸೇಜಿಗೇ ರಿಪ್ಲೈ ಹಾಕಿ, ಅದೇ ಫೈಲು ಮತ್ತೆ ಹಾಕಿ ನೋಡ್ರಿ ಅನ್ನುತ್ತೇನೆ. ಸರಿ ಬಂತು ಅಂದ ಮೇಲೆಯೇ ಮುಚ್ಚುವುದು.