ನೋವನ್ನು ಹೇಳಿಕೊಳ್ಳಲಾರದವರ ಆರೈಕೆ

ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಹುಟ್ಟುಸ್ಥಿತಿಯಾದ ಡೌನ್ ಸಿಂಡ್ರೋಮ್ ಇರುವವರಲ್ಲಿ, 21ನೆಯ ವರ್ಣತಂತುವಿನ ಹೆಚ್ಚುವರಿ ಪ್ರತಿಯಿಂದಾಗಿ, ನೆನಪು ಮತ್ತು ಬುದ್ಧಿಶಕ್ತಿಯನ್ನು ಕ್ರಮೇಣ ಕುಂದಿಸುವ ಆಲ್‌ಝೈಮರ್ ಕಾಯಿಲೆಯು ಎಷ್ಟೋ ಬಾರಿ ಐವತ್ತರ ಆಸುಪಾಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಆಗ ನೋವನ್ನು ಹೇಳಿಕೊಳ್ಳುವ ಶಕ್ತಿ ಮತ್ತಷ್ಟು ಕುಂದುತ್ತದೆಯೇ ಹೊರತು ನೋವು ಕಡಿಮೆಯಾಗುವುದಿಲ್ಲ.

ಮೊದಲು ಅವರನ್ನೇ, ಅವರ ಮನೆಮಾತಿನಲ್ಲಿ, ಒಂದೊಂದೇ ಪ್ರಶ್ನೆಯಾಗಿ ಕೇಳಿರಿ. ಉತ್ತರ ಬಾರದಿದ್ದರೆ, ಆರೋಗ್ಯವಾಗಿದ್ದಾಗ ಅವರು ಹೇಗೆ ಉಣ್ಣುತ್ತಿದ್ದರು, ಮಲಗುತ್ತಿದ್ದರು, ನಡೆಯುತ್ತಿದ್ದರು ಎಂಬುದರೊಡನೆ ಇಂದಿನ ವರ್ತನೆಯನ್ನು ಹೋಲಿಸಿರಿ. ಕಿರುಚಾಟ, ಹೊಡೆತಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಇದ್ದಕ್ಕಿದ್ದಂತೆ ಮಂಕಾಗಿ ಕುಳಿತವರನ್ನು ಮಾತ್ರ ‘ಇಂದು ಶಾಂತವಾಗಿದ್ದಾರೆ’ ಎಂದು ಬಿಟ್ಟುಬಿಡುತ್ತೇವೆ.

ಡಿಮೆನ್ಷಿಯಾ (ಆಲ್‌ಝೈಮರ್ ಮೊದಲಾದ ಕಾಯಿಲೆಗಳಿಂದ ಬರುವ ಮರೆಗುಳಿತನ) ಉಳ್ಳವರ ನೋವನ್ನು ಅಳೆಯಲು ರೂಪಿಸಿದ ಪೈನಾಡ್ (PAINAD) ಮಾಪಕವು ಉಸಿರಾಟ, ನರಳಿಕೆ, ಮುಖಭಾವ, ದೇಹದ ಬಿಗಿತ ಮತ್ತು ಸಂತೈಸಿದಾಗಿನ ಪ್ರತಿಕ್ರಿಯೆ, ಈ ಐದಕ್ಕೂ ತಲಾ 0ಯಿಂದ 2ರವರೆಗೆ ಅಂಕ ಕೊಡುತ್ತದೆ. ಸ್ನಾನ ಮಾಡಿಸುವಾಗ, ಮಗ್ಗುಲು ಬದಲಿಸುವಾಗಲೂ ಗಮನಿಸಿರಿ, ಏಕೆಂದರೆ ಅಲುಗಾಡದೆ ಮಲಗಿದ್ದಾಗ ಕೀಲುನೋವು ಅಡಗಿರುತ್ತದೆ.

ಬಳಿಕ ಕಾರಣವನ್ನು ಹುಡುಕಬೇಕು: ಹುಳುಕು ಹಲ್ಲು, ಮಲಬದ್ಧತೆ, ಮೂತ್ರದ ಸೋಂಕು, ಕಿವಿನೋವು, ಹಾಸಿಗೆ ಹುಣ್ಣು, ತಿಳಿಯದೇ ಆದ ಮೂಳೆಮುರಿತ.

ಕೇಳಿದಾಗ ಮಾತ್ರ ಮಾತ್ರೆ ಕೊಡುವ ಪದ್ಧತಿ, ಕೇಳಲಾರದವರಿಗೆ ಉಪಯೋಗವಿಲ್ಲ. ಪ್ಯಾರಾಸಿಟಮಾಲನ್ನು ನಿಗದಿತ ವೇಳೆಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿರಿ. ಕೃಶ ಶರೀರದವರಿಗೆ, ಯಕೃತ್ತಿನ ತೊಂದರೆಯುಳ್ಳವರಿಗೆ ಪ್ರಮಾಣ ತಗ್ಗಿಸಬೇಕಾದೀತು. ಮಾರ್ಫಿನ್ ಜಾತಿಯ ಔಷಧ ಬರೆದುಕೊಟ್ಟರೆ ಮಲಬದ್ಧತೆಗೂ ಔಷಧ ಕೇಳಿ ಪಡೆಯಿರಿ. ಮಾತ್ರೆ ಕೊಟ್ಟು ಸುಮಾರು ಒಂದು ಗಂಟೆಯ ನಂತರ ಮತ್ತೆ ಅಂಕ ಹಾಕಿ, ಎರಡನ್ನೂ ಬರೆದಿಡಿರಿ. ನಾರ್ವೆಯ ವೃದ್ಧಾಶ್ರಮಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ ನೋವಿಗೆ ಚಿಕಿತ್ಸೆ ನೀಡಿದಾಗ ಡಿಮೆನ್ಷಿಯಾ ರೋಗಿಗಳ ಉದ್ರೇಕವೂ ತಗ್ಗಿತ್ತು. ಆದ್ದರಿಂದ, ಮಂಪರು ಬರಿಸುವ ಮಾತ್ರೆಯನ್ನು ಕೇಳುವ ಮೊದಲು ನೋವನ್ನು ತಪಾಸಣೆ ಮಾಡಿಸಿರಿ.