ಲೋವರ್ ಮಾಡಿಸಿದ ಕಾರಿನ ಸೈಲೆನ್ಸರ್ ಲೈನ್ ಉಳಿಸಿಕೊಳ್ಳುವುದು ಹೇಗೆ

ಸ್ಪ್ರಿಂಗ್ ಬದಲಿಸಿ ಕಾರನ್ನು 30–40 ಮಿ.ಮೀ. ಇಳಿಸಿದರೆ ಸೈಲೆನ್ಸರ್ ಲೈನಿನಲ್ಲಿ, ಅಂದರೆ ಎಂಜಿನ್ನಿನ ಹೊಗೆ ಹಿಂದಕ್ಕೆ ಸಾಗುವ ಪೈಪಿನ ಸಾಲಿನಲ್ಲಿ, ಮೊದಲು ಪೆಟ್ಟು ತಿನ್ನುವುದು ಫ್ಲೆಕ್ಸ್ ಪೈಪ್. ಎಂಜಿನ್ ಕಡೆಯಿಂದ ಬರುವ ಪೈಪು ಹಿಂದಕ್ಕೆ ತಿರುಗುವಲ್ಲಿ, ಮುಂದಿನ ಸಬ್‌ಫ್ರೇಮಿನ (ಮುಂಭಾಗದ ತಳದಲ್ಲಿರುವ ಗಟ್ಟಿ ಚೌಕಟ್ಟಿನ) ಆಸುಪಾಸಿನಲ್ಲಿ, ಸ್ಟೀಲ್ ತಂತಿಯಿಂದ ಜಡೆಯಂತೆ ಹೆಣೆದ ಗೇಣುದ್ದದ ತುಂಡು ಅದು. ಎಂಜಿನ್ನಿನ ಅಲುಗಾಟ ಹಿಂದಿನ ಪೈಪಿಗೆ ದಾಟದಂತೆ ತಡೆಯುವುದು ಅದರ ಕೆಲಸ. ಬಳುಕಲೇಬೇಕಾದ್ದರಿಂದ ಒಳಗಿನ ಸುಕ್ಕುತಗಡು ಅರ್ಧ ಮಿ.ಮೀ.ನಷ್ಟೂ ದಪ್ಪ ಇರುವುದಿಲ್ಲ. ಹಂಪ್ ಒಮ್ಮೆ ಜೋರಾಗಿ ಉಜ್ಜಿದರೆ ಹೆಣಿಗೆ ಹರಿಯುತ್ತದೆ, ಇನ್ನೆರಡು ಸಲಕ್ಕೆ ತಗಡೇ ಸೀಳುತ್ತದೆ.

ಫ್ಲೆಕ್ಸ್ ಆದಮೇಲೆ ಸರದಿ ಪೈಪುಗಳು ಕೂಡುವ ಕಡೆಯ ಚಪ್ಪಟೆ ಬಿಲ್ಲೆಯ, ಅಂದರೆ ಫ್ಲ್ಯಾಂಜಿನ, ಬೋಲ್ಟುಗಳದ್ದು, ಸದ್ದು ತಗ್ಗಿಸುವ ನಡುವಿನ ರೆಸೊನೇಟರ್ ಡಬ್ಬದ್ದು, ಹಿಂದಿನ ಸೈಲೆನ್ಸರ್ ಡಬ್ಬದ್ದು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ನೆಲದಡಿಯಲ್ಲೇ ಇರುವ ಕಾರಾದರೆ ಇನ್ನೂ ಹುಷಾರಾಗಿರಬೇಕು. ಹೆಚ್ಚಿನ ಕಾರುಗಳಲ್ಲಿ ಅದರೊಳಗೆ ಇರುವುದು ಜೇನುಗೂಡಿನಂಥ ಪಿಂಗಾಣಿ. ಹೊರಡಬ್ಬ ನೆಗ್ಗಿದರೆ ಒಳಗಿನದು ಬಿರುಕು ಬಿಟ್ಟು, ಚೂರುಗಳು ಹೊಗೆಯ ದಾರಿಯನ್ನೇ ಕಟ್ಟುತ್ತವೆ. ಕಾರು ಎಳೆಯುವುದಿಲ್ಲ, ಅಲುಗಿಸಿದರೆ ಗಿಲಕಿಯಂತೆ ಸದ್ದು ಬರುತ್ತದೆ.

ಹೆಚ್ಚಿನವರು ನೇರವಾಗಿ ವೆಲ್ಡಿಂಗ್ ಅಂಗಡಿಗೆ ಹೋಗಿ “ಕೆಳಗೊಂದು ಪ್ಲೇಟ್ ಹೊಡೆದುಬಿಡಿ” ಅನ್ನುತ್ತಾರೆ. ಕೆಲಸ ಹಿಂದುಮುಂದಾಗುವುದು ಅಲ್ಲೇ. ಪ್ಲೇಟು 3 ಮಿ.ಮೀ., ಪೈಪಿಗೂ ಅದಕ್ಕೂ ನಡುವೆ ಬಿಡಬೇಕಾದ ಸಂದು 15, ಬೋಲ್ಟಿನ ತಲೆ 5–6; ಕೂಡಿದರೆ ಸುಮಾರು 24 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಹೋಯಿತು. ನಿನ್ನೆವರೆಗೆ ತಾಗದೆ ದಾಟುತ್ತಿದ್ದ ಹಂಪ್ ಕೂಡ ಇವತ್ತು ತಾಗುತ್ತದೆ. ಮೊದಲು ಪೈಪನ್ನು ಮೇಲಕ್ಕೆ ತನ್ನಿ. ಅದಾದ ಮೇಲೂ ತಾಗುವ ಜಾಗಕ್ಕಷ್ಟೇ ಕವಚ ಹಾಕಿಸಿ.

ಎಷ್ಟು ಎತ್ತರ ಬೇಕು?

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 2.45 ಮೀಟರ್ ವೀಲ್‌ಬೇಸಿನ (ಮುಂದಿನ ಮತ್ತು ಹಿಂದಿನ ಚಕ್ರದ ಅಚ್ಚುಗಳ ನಡುವಿನ ದೂರದ) ಹ್ಯಾಚ್‌ಬ್ಯಾಕ್ ಅದರ ಮೇಲೆ ಬಂದಾಗ ನಾಲ್ಕೂ ಚಕ್ರ ಹಂಪ್ ಮೇಲೆಯೇ ಇರುತ್ತವೆ. ವೀಲ್‌ಬೇಸಿನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ: ನಡುಭಾಗಕ್ಕೆ ಏರಿಬರುವುದು ಬರೀ 44 ಮಿ.ಮೀ. ಲೋವರ್ ಕಾರೂ ಆರಾಮಾಗಿ ದಾಟುತ್ತದೆ. ತೊಂದರೆ ಕೊಡುವುದು ಊರ ಮುಂದೆ ಜಲ್ಲಿ ಸಿಮೆಂಟಿನಲ್ಲಿ ಕಟ್ಟಿದ ಮೊಳದಗಲದ ದಿಂಡು. ಅದು 12 ಸೆಂ.ಮೀ. ಎತ್ತರವಿದ್ದರೆ, ಮುಂದಿನ ಚಕ್ರ ದಾಟಿ ಹಿಂದಿನದು ಹತ್ತುವ ಮೊದಲು ಆ 120 ಮಿ.ಮೀ. ಪೂರಾ ನಿಮ್ಮ ತಳಕ್ಕೆ ಏರಿಬರುತ್ತದೆ. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿ ರಸ್ತೆಗೆ ಹೋಗಿಬರುವ ಕಾರಾದರೆ, ಜನ ತುಂಬಿದಾಗಲೂ ಅತಿ ತಗ್ಗಿನ ಜಾಗ 130 ಮಿ.ಮೀ. ಉಳಿದಿರಲಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ಚಾನಲ್ ಏರಿ ದಾರಿಗೆ ಈ ಲೆಕ್ಕವೂ ಸಾಲದು: ಎರಡು ಕಡೆ ಜಾಡು ಇಳಿದು ನಡುವೆ ದಿಣ್ಣೆ ಎದ್ದಿರುತ್ತದೆ. ಅಲ್ಲಿ ಒಂದು ಕಡೆಯ ಚಕ್ರವನ್ನು ದಿಣ್ಣೆಯ ಮೇಲೇ ಇಟ್ಟು ನಡೆಸಬೇಕು.

ಅಳತೆ ತೆಗೆಯುವಾಗ ಟೈರಿನ ಗಾಳಿ ಡೋರ್ ಸ್ಟಿಕರಿನಲ್ಲಿರುವಷ್ಟೇ ಇರಲಿ, ಟ್ಯಾಂಕ್ ತುಂಬಿರಲಿ, ಒಳಗೆ ನಾಲ್ಕು ಜನ ಕೂತಿರಲಿ, ನೆಲ ಸಮತಟ್ಟಾಗಿರಲಿ. ಎಂಜಿನ್ ತಣ್ಣಗಾದ ಮೇಲೆ ಫ್ಲೆಕ್ಸ್, ಪ್ರತಿಯೊಂದು ಫ್ಲ್ಯಾಂಜ್, ರೆಸೊನೇಟರ್, ಹಿಂದಿನ ಡಬ್ಬ, ಇಷ್ಟರ ಅಡಿಯಿಂದ ನೆಲಕ್ಕೆ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಬರೆದಿಡಿ. ಆಮೇಲೆ ಆ ಜಾಗಗಳಿಗೆ ಬಿಳಿ ಹೀಟ್‌ಪ್ರೂಫ್ ಪೇಂಟ್ ಬಳಿದು ವಾರ ಓಡಿಸಿ ನೋಡಿ. ಉದ್ದಕ್ಕೆ ಗೀರಿ ಬಣ್ಣ ಹೋಗಿದ್ದರೆ ಹಂಪ್ ಉಜ್ಜಿದೆ. ಒಂದೇ ಕಡೆ ಗುಳಿ ಬಿದ್ದಿದ್ದರೆ ಕಲ್ಲು ಹೊಡೆದಿದೆ. ಎತ್ತರಿಸಿದರೆ ಮೊದಲನೆಯದು ನಿಲ್ಲುತ್ತದೆ. ಎರಡನೆಯದಕ್ಕೆ ಕವಚವೇ ಬೇಕು.

ಪೈಪನ್ನು ಮೇಲಕ್ಕೆ ತರುವುದು

ಕಾರಿನ ಕೆಳಗೆ ಮಲಗುವ ಮುನ್ನ ಜ್ಯಾಕ್ ಸ್ಟ್ಯಾಂಡ್ ಕೊಟ್ಟು ಚಕ್ರಕ್ಕೆ ಅಡ್ಡಗಲ್ಲು ಇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಭಾರಕ್ಕೆ ಅವು ಏಕಾಏಕಿ ಒಡೆಯುತ್ತವೆ.

ಅಗ್ಗದ ಕೆಲಸದಿಂದ ಶುರುಮಾಡಿ: ಪೈಪನ್ನು ನೇತುಹಾಕಿರುವ ರಬ್ಬರ್‌ಗಳು. ಐದಾರು ವರ್ಷವಾದ ರಬ್ಬರ್ ಹಿಗ್ಗಿ ಪೂರಾ ಲೈನ್ 10 ಮಿ.ಮೀ.ಗೂ ಮೇಲೆ ಜೋತುಬಿದ್ದಿರುವುದು ಸಾಮಾನ್ಯ. ಒಂದನ್ನು ಮಾತ್ರ ಬದಲಿಸಿದರೆ ಭಾರವೆಲ್ಲ ಅದರ ಮೇಲೇ ಬಿದ್ದು ಅದೂ ಹರಿಯುತ್ತದೆ. ಅಷ್ಟನ್ನೂ ಒಟ್ಟಿಗೆ ಹೊಸದು ಹಾಕಿ. ಗಟ್ಟಿ ಪಾಲಿಯುರೆಥೇನ್ ರಬ್ಬರ್ ಹಿಂದಿನ ಡಬ್ಬಕ್ಕೆ ಸರಿ. ಕ್ಯಾಟ್ ಪಕ್ಕದಲ್ಲಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಕೆಟ್ಟುಹೋಗುತ್ತದೆ. ಲೈನ್ ಎತ್ತಿದ ಮೇಲೆ ಪೈಪಿಗೂ ಬಾಡಿಗೂ ಕಡಿಮೆಯೆಂದರೆ 12 ಮಿ.ಮೀ. ಸಂದಿರಬೇಕು. ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಹತ್ತಿರ 25ಕ್ಕೆ ಕಡಿಮೆ ಬೇಡ, ನಡುವಿನ ಹೀಟ್ ಶೀಲ್ಡ್ ತೆಗೆಯಲೂ ಬೇಡ. ತೀರಾ ಬಿಗಿಯಾಗಿ ಎತ್ತಿದರೆ ಎಂಜಿನ್ ಅಲುಗಿದಾಗ ಪೈಪು ಬಾಡಿಗೆ ಬಡಿಯುತ್ತದೆ, ಆ ಬಲವೆಲ್ಲ ಹೋಗಿ ಫ್ಲೆಕ್ಸ್ ಕುತ್ತಿಗೆಯಲ್ಲಿ ಬಿರುಕಾಗುತ್ತದೆ.

ಆಮೇಲೆ ಕ್ಲ್ಯಾಂಪ್. ಯು ಬೋಲ್ಟ್ ಕ್ಲ್ಯಾಂಪಿನ ನಟ್ಟುಗಳು ಕೆಳಮುಖವಾಗಿದ್ದರೆ ಅವೇ ಕೊಕ್ಕೆಯಾಗಿ ಹಂಪ್‌ಗೆ ಸಿಕ್ಕಿ ಪೈಪನ್ನೇ ಹಿಂದಕ್ಕೆ ಎಳೆಯುತ್ತವೆ. ಅದನ್ನು ತೆಗೆದು ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಹಾಕಿ, ಅದರ ಬೋಲ್ಟ್ ಪಕ್ಕಕ್ಕೋ ಮೇಲಕ್ಕೋ ಬರುವಂತೆ ತಿರುಗಿಸಿ. ಹತ್ತೇ ನಿಮಿಷದ ಈ ಕೆಲಸದಲ್ಲಿ ಆ ಜಾಗದಲ್ಲಿ 15 ಮಿ.ಮೀ. ತನಕ ಸಿಗುತ್ತದೆ. ಫ್ಲ್ಯಾಂಜ್ ಬೋಲ್ಟ್ ಹೊರಚಾಚಿದ್ದರೆ ನಟ್ಟಿನಿಂದಾಚೆ ಎರಡು ಸುತ್ತು ಥ್ರೆಡ್ ಬಿಟ್ಟು ಉಳಿದದ್ದನ್ನು ಕತ್ತರಿಸಿ, ಕಾಪರ್ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಮುಂದಿನ ಸಲ ತಿರುಗುವ ಬದಲು ಮುರಿಯುತ್ತದೆ. ನೈಲಾನ್ ಇರುವ ಲಾಕ್ ನಟ್ ಇಲ್ಲಿ ನಡೆಯದು, ನೈಲಾನ್ ಕರಗುತ್ತದೆ. ಪೂರಾ ಲೋಹದ ಲಾಕ್ ನಟ್ ಕೇಳಿ ತನ್ನಿ.

ಇಷ್ಟಾದರೂ ಸಾಲದಿದ್ದರೆ, ನಡುವಿನ ಪೈಪಿನ ತಗ್ಗು ಭಾಗಕ್ಕೆ ಚಪ್ಪಟೆ ಓವಲ್ ಪೈಪ್ ಹಾಕಿಸಬಹುದು. 50 ಮಿ.ಮೀ. ದುಂಡು ಪೈಪು ಅದೇ ಸುತ್ತಳತೆಯಲ್ಲಿ 35 ಮಿ.ಮೀ. ಎತ್ತರದ ಓವಲ್ ಆದರೆ ಅಗಲ ಸುಮಾರು 58.5 ಆಗುತ್ತದೆ, ಒಳಗಿನ ದಾರಿ ಶೇ. 9ರಷ್ಟು ಮಾತ್ರ ಕಿರಿದಾಗುತ್ತದೆ. ಮಾಮೂಲಿ ಎಂಜಿನ್ನಿಗೆ ಅದು ಗೊತ್ತಾಗುವುದಿಲ್ಲ. ಪೈಪನ್ನು ಗಾಡಿಯಲ್ಲೇ ಇಟ್ಟು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿಸುವುದು ಮಾತ್ರ ಬೇಡ. ಮಡಿಕೆ ಬಿದ್ದ ಜಾಗವೇ ಮೊದಲು ತುಕ್ಕು ಹಿಡಿದು ತೂತಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಸಾಕೆಟ್ ಕಳಚಿ, ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಲು ಹೇಳಿ.

ಹೊಸ ಫ್ಲೆಕ್ಸ್ ಕೂರಿಸುವಾಗ ಅದು ತಿರುಚಿಕೊಳ್ಳಬಾರದು, ಎಳೆದಂತೆಯೂ ಇರಬಾರದು. ಬಳುಕುವುದನ್ನು ಅದು ತಾಳಿಕೊಳ್ಳುತ್ತದೆ, ತಿರುಚುವುದನ್ನು ತಾಳಿಕೊಳ್ಳುವುದಿಲ್ಲ. ತಳ ತಾಗಿದ ಗುರುತೇ ಇಲ್ಲದೆ ಫ್ಲೆಕ್ಸ್ ಮತ್ತೆ ಮತ್ತೆ ಹರಿಯುತ್ತಿದ್ದರೆ ಎಂಜಿನ್ನನ್ನು ಹಿಡಿದಿಟ್ಟಿರುವ ರಬ್ಬರ್ ಮೌಂಟಿಂಗ್ ನೋಡಿಸಿ. ಮೌಂಟಿಂಗ್ ಸೋತಿದ್ದರೆ ಎಷ್ಟು ಫ್ಲೆಕ್ಸ್ ಹಾಕಿದರೂ ಉಳಿಯದು.

ಟೈರಿನಲ್ಲೂ ಸ್ವಲ್ಪ ಎತ್ತರ ಸಿಗುತ್ತದೆ. 185/60 ಆರ್15 ಬದಲು 185/65 ಆರ್15 ಹಾಕಿದರೆ ಇಡೀ ಕಾರು 9 ಮಿ.ಮೀ. ಏರುತ್ತದೆ. ಫೆಂಡರ್ ಒಳಗೆ ಉಜ್ಜುವುದಿಲ್ಲವೆಂದು ಮೊದಲೇ ಖಾತ್ರಿ ಮಾಡಿಕೊಳ್ಳಿ.

ಕವಚ

ಫ್ಲೆಕ್ಸ್‌ಗೆ ಪೂರಾ ಮುಚ್ಚುವ ಪ್ಲೇಟಿಗಿಂತ ಎರಡು ಹಳಿ ಒಳ್ಳೆಯದು. 25×5 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ ಎರಡು, ಫ್ಲೆಕ್ಸ್‌ನ ಎಡಕ್ಕೊಂದು ಬಲಕ್ಕೊಂದು, ಅದರ ತಳಕ್ಕಿಂತ 5 ಮಿ.ಮೀ. ಮಾತ್ರ ಕೆಳಗಿರುವಂತೆ. ಮುಂತುದಿಯನ್ನು ದೋಣಿಯ ಮೂತಿಯಂತೆ 30 ಡಿಗ್ರಿ ಮೇಲಕ್ಕೆ ಬಾಗಿಸಿ. ಮೊಂಡಾಗಿ ಬಿಟ್ಟರೆ ಅದೇ ಹಂಪ್‌ಗೆ ಕಚ್ಚಿಕೊಂಡು ಸಬ್‌ಫ್ರೇಮನ್ನು ಹಿಂದಕ್ಕೆ ನೂಕುತ್ತದೆ. ಕಟ್ಟುವುದು ಸಬ್‌ಫ್ರೇಮಿಗೆ, 8.8 ಗ್ರೇಡಿನ ಎಂ8 ಬೋಲ್ಟಿನಲ್ಲಿ. ನೆಲದ ತಗಡಿಗೆ ವೆಲ್ಡ್ ಮಾಡಿಸಬೇಡಿ: ಅದರ ಮೇಲುಗಡೆ ಕಾರ್ಪೆಟ್ಟಿದೆ, ಪಕ್ಕದಲ್ಲಿ ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳಿವೆ. ಫ್ಲೆಕ್ಸ್‌ಗೇ ಪಟ್ಟಿ ಬೆಸೆದರೆ ಅದು ಬಳುಕುವುದೇ ನಿಂತುಹೋಗುತ್ತದೆ.

ಕಲ್ಲೇಟಿಗೆ ಪ್ಲೇಟ್ ಬೇಕೇ ಬೇಕೆಂದರೆ 300×600 ಮಿ.ಮೀ. ಅಳತೆಯದು 3 ಮಿ.ಮೀ. ಕಬ್ಬಿಣದಲ್ಲಿ 4.2 ಕಿಲೋ, 4 ಮಿ.ಮೀ. ಅಲ್ಯೂಮಿನಿಯಂನಲ್ಲಿ 2 ಕಿಲೋಗಿಂತ ತುಸು ಕಡಿಮೆ. ಕ್ಯಾಟ್ ಕೆಳಗೆ ಮಾತ್ರ ಮುಚ್ಚಿಸಬೇಡಿ. ಓಡುವಾಗ ಅದರ ಒಳಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿಯಾಡಲೇಬೇಕು.

ಹಳಿಯೇ ಮೇಲು ಅನ್ನಲು ಈ ಸೀಮೆಯಲ್ಲಿ ಇನ್ನೊಂದು ಬಲವಾದ ಕಾರಣವಿದೆ. ಡಿಸೆಂಬರ್, ಜನವರಿಯಲ್ಲಿ ಮಂಡ್ಯ, ಮೈಸೂರು ಕಡೆ ರಸ್ತೆಯೇ ಕಣ. ಒಕ್ಕಣೆಗೆ ಹರವಿದ ರಾಗಿ, ಹುರುಳಿಯ ಮೇಲೆ ತಗ್ಗಿನ ಕಾರು ಹೋದರೆ ಒಣ ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು, ಫ್ಲೆಕ್ಸ್ ಮತ್ತು ಪ್ಲೇಟಿನ ನಡುವೆ ತುರುಕಿಕೊಂಡು, ಅಲ್ಲೇ ಕಾದು ಹೊತ್ತಿಕೊಳ್ಳುತ್ತದೆ. ಸುತ್ತಿ ಹೋಗಲು ದಾರಿಯಿದ್ದರೆ ಸುತ್ತಿಯೇ ಹೋಗಿ. ಇಲ್ಲದಿದ್ದರೆ ದಾಟಿದ ಕೂಡಲೇ ಹುಲ್ಲಿಲ್ಲದ ಕಡೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಬ್ಬಿಣದ ಕೊಕ್ಕೆಯಲ್ಲಿ ಎಳೆದುಹಾಕಿ. ಕಬ್ಬಿನ ತರಗಿನ ಮೇಲೆ ಬಿಸಿ ಕಾರು ನಿಲ್ಲಿಸುವುದೂ ಅಷ್ಟೇ ಅಪಾಯ.

ಹಂಪ್ ದಾಟುವಾಗ

ಮುಂದಿನ ಚಕ್ರ ದಿಂಡು ಮುಟ್ಟುವ ಮೊದಲೇ ಬ್ರೇಕ್ ಬಿಡಿ. ಒತ್ತಿಹಿಡಿದಿದ್ದರೆ ಮೂತಿ ಕುಸಿದು ಫ್ಲೆಕ್ಸ್ ಇನ್ನೂ ಕೆಳಗೆ ಬಂದಿರುತ್ತದೆ. ಹಿಂದೆ ಮುಂದೆ ಗಾಡಿ ಇಲ್ಲದಿದ್ದರೆ 30 ಡಿಗ್ರಿ ಓರೆಯಾಗಿ ಹತ್ತಿಸಿ. ಫ್ಲೆಕ್ಸ್ ಮುಂದಿನ ಚಕ್ರದ ಅಚ್ಚಿಗಿಂತ ಒಂದೂವರೆ ಅಡಿ ಹಿಂದಿದೆ ಎಂದುಕೊಳ್ಳಿ: ಓರೆಯಾಗಿ ಬಂದಾಗ ದಿಂಡು ಅದರ ಕೆಳಗೆ ಬರುವ ಹೊತ್ತಿಗೆ ಒಂದು ಮುಂಚಕ್ರ ಇನ್ನೂ ದಿಂಡಿನ ಮೇಲಿದ್ದು ಬಾಡಿಯನ್ನು ಎತ್ತಿಹಿಡಿದಿರುತ್ತದೆ. ನಡುವಿನ ರೆಸೊನೇಟರಿಗೆ ಈ ಉಪಾಯದಿಂದ ಹೆಚ್ಚು ಲಾಭವಿಲ್ಲ. ಅಲ್ಲಿ ಹಿಂದೆ ಕೂತವರನ್ನು ಇಳಿಸಿ ದಾಟುವುದೇ ಸರಿ.

ತಾಪತ್ರಯ ತಪ್ಪಲೆಂದು ಕ್ಯಾಟ್ ಕಿತ್ತು ನೇರ ಪೈಪ್ ಹಾಕಿಸುವವರಿದ್ದಾರೆ. ಹೊಗೆ ವಿಷವಾಗುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತೀರಿ, ಮೋಟಾರು ವಾಹನ ಕಾಯ್ದೆಗೂ ಅದು ವಿರುದ್ಧ. ಅದನ್ನು ಮಾಡಿಸಬೇಡಿ.

ದಾರಿಯಲ್ಲಿ ತಾಗಿಬಿಟ್ಟರೆ

ಪಟಪಟ ಸದ್ದು ಮುಂದಿನಿಂದ ಬಂದರೆ ಫ್ಲೆಕ್ಸ್ ಅಥವಾ ಗ್ಯಾಸ್ಕೆಟ್. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೀಳಿದ್ದರೆ ಹೊರಗಾಳಿ ಒಳಗೆ ಸೇರಿ, ಪೆಟ್ರೋಲ್ ಕಮ್ಮಿಯಾಗಿದೆಯೆಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಪ್ಪು ತಿಳಿದು ಹೆಚ್ಚು ಸುರಿಸುತ್ತದೆ, ಮೈಲೇಜ್ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುವುದು. ನಾಲ್ಕೂ ಗಾಜು ಇಳಿಸಿ, ಹತ್ತಿರದ ಗ್ಯಾರೇಜ್ ತನಕ ಮಾತ್ರ ಓಡಿಸಿ. ನಿಂತಲ್ಲಿ ಎಂಜಿನ್ ಆನ್ ಇಟ್ಟು ಕೂರಬೇಡಿ. ಪೈಪು ಕಳಚಿ ನೇತಾಡುತ್ತಿದ್ದರೆ ಅರ್ಧ ಗಂಟೆ ಆರಲು ಬಿಟ್ಟು, ಎರಡೆಳೆ ಜಿ.ಐ. ತಂತಿಯಲ್ಲಿ ಹ್ಯಾಂಗರ್ ಕೊಕ್ಕೆಗೆ ಬಿಗಿದು ಕಟ್ಟಿ. ಪ್ಲಾಸ್ಟಿಕ್ ಹಗ್ಗ ಕರಗಿ ಮತ್ತೆ ಬೀಳುತ್ತದೆ. ಒಂದು ಮಾರು ತಂತಿ, ಒಂದು ಕಟಿಂಗ್ ಪ್ಲೇಯರ್, ದಪ್ಪ ಕೈಗವಸು ಒಂದು ಜೊತೆ ಡಿಕ್ಕಿಯಲ್ಲಿ ಸದಾ ಇಟ್ಟಿರಿ.